ಅಜ್ಜನ ಮಿಲಿಟರಿ ಫೋಟೊ ಓದುವುದು ಹೇಗೆ: ಎರಡನೇ ಮಹಾಯುದ್ಧದ ಬಿಲ್ಲೆ, ಪಟ್ಟಿ, ಪದಕಗಳು

1939ರಲ್ಲಿ ಸುಮಾರು 2 ಲಕ್ಷ ಜನರಿದ್ದ ಭಾರತೀಯ ಸೇನೆ 1945ರ ಹೊತ್ತಿಗೆ 25 ಲಕ್ಷ ದಾಟಿತ್ತು. ಮೈಸೂರು ಸಂಸ್ಥಾನ, ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಮತ್ತು ದಕ್ಷಿಣ ಕನ್ನಡ, ಮುಂಬಯಿ ಪ್ರಾಂತ್ಯದ ಬೆಳಗಾವಿ ಮತ್ತು ಧಾರವಾಡ, ನಿಜಾಮರ ರಾಯಚೂರು, ಕೊಡಗು ಹೀಗೆ ಆಗ ಹಂಚಿಹೋಗಿದ್ದ ಕನ್ನಡ ಸೀಮೆಗಳಿಂದಲೂ ಸಾವಿರಾರು ಜನ ಹೋದರು. ಅವರಲ್ಲಿ ಬಹಳ ಮಂದಿಯ ಮನೆಗಳಲ್ಲಿ ಇವತ್ತು ಉಳಿದಿರುವುದು ಇಷ್ಟೇ: ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೊ, ಟ್ರಂಕಿನ ತಳದಲ್ಲಿ ಒಂದೆರಡು ಪದಕ, “ಬರ್ಮಾಕ್ಕೋ ಈಜಿಪ್ಟಿಗೋ ಹೋಗಿದ್ದರಂತೆ” ಎಂಬ ಮಾತು.

ಇಷ್ಟರಿಂದಲೂ ತುಂಬ ದೂರ ಹೋಗಬಹುದು. ಆದರೆ ಸಮವಸ್ತ್ರದ ಮೇಲಿರುವ ಗುರುತುಗಳೆಲ್ಲ ಒಂದೇ ವಿಷಯ ಹೇಳುವುದಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಟೊಪ್ಪಿಯ ಬಿಲ್ಲೆ ಮತ್ತು ಭುಜದ ಅಕ್ಷರಗಳು ಆತ ಯಾವ ರೆಜಿಮೆಂಟು (ಸೈನಿಕ ಭರ್ತಿಯಾದ ಮಾತೃದಳ) ಅಥವಾ ಕೋರಿಗೆ (ಸಾಗಣೆ, ವೈದ್ಯಕೀಯದಂಥ ಒಂದು ಕೆಲಸದ ವಿಭಾಗ) ಸೇರಿದವನೆಂದು ಹೇಳುತ್ತವೆ. ತೋಳಿನ ಮೇಲ್ಭಾಗದ ಬಟ್ಟೆಯ ಚಿತ್ರ, ಆ ಹೊತ್ತಿನಲ್ಲಿ ಆತನ ತುಕಡಿ ಯಾವ ಡಿವಿಷನ್ನಿನ (ಹಲವು ದಳಗಳ ತುಕಡಿಗಳನ್ನು ಒಟ್ಟುಗೂಡಿಸಿ ಕಟ್ಟಿದ ದೊಡ್ಡ ಯುದ್ಧಪಡೆ) ಕೈಕೆಳಗಿತ್ತೆಂದು ಹೇಳುತ್ತದೆ. ಎದೆಯ ರಿಬ್ಬನ್ನುಗಳು ಯಾವ ರಣರಂಗ, ಯಾವ ಅವಧಿ ಎನ್ನುವುದನ್ನು ಹೇಳುತ್ತವೆ. ಹುಡುಕಾಟ ದಾರಿ ತಪ್ಪುವುದು ಹೆಚ್ಚಾಗಿ ಮೊದಲ ಎರಡನ್ನು ಒಂದೇ ಎಂದುಕೊಂಡಾಗ. ಡಿವಿಷನ್ನಿನ ಚಿತ್ರ ಕಣ್ಣಿಗೆ ಬೇಗ ಬೀಳುತ್ತದೆ, ಗುರುತಿಸುವುದೂ ಸುಲಭ, ಹಾಗಾಗಿ ಜನ ಅಲ್ಲಿಗೇ ನಿಲ್ಲುತ್ತಾರೆ. ಆದರೆ ಸಿಪಾಯಿಯ ಸೇವಾ ದಾಖಲೆ ಡಿವಿಷನ್ನಿನಲ್ಲಿ ಇರುವುದಿಲ್ಲ. ಅದು ಆತನ ರೆಜಿಮೆಂಟು ಅಥವಾ ಕೋರಿನ ರೆಕಾರ್ಡ್ ಆಫೀಸಿನಲ್ಲಿ ಇರುತ್ತದೆ. ಆತ ಏನು ಕಂಡ, ಎಲ್ಲಿ ಹೋರಾಡಿದ ಎನ್ನುವುದನ್ನು ತಿಳಿಯಲು ಮಾತ್ರ ಡಿವಿಷನ್ ಬೇಕು.

ಮೊದಲು ಫೋಟೊ

ಫೋಟೊವನ್ನು ಕಟ್ಟಿನಿಂದ ಬಿಚ್ಚಿ ಹಿಂಬದಿ ನೋಡಿ. ಸ್ಟುಡಿಯೋದ ಮುದ್ರೆ, ಊರಿನ ಹೆಸರು, ಪೆನ್ಸಿಲಿನಲ್ಲಿ ಬರೆದ ತಾರೀಖು ಅಲ್ಲಿರಬಹುದು. ಪೋಸ್ಟ್‌ಕಾರ್ಡ್ ಗಾತ್ರದ ಚಿತ್ರವಾದರೆ 600 ಡಿಪಿಐ ಸಾಕು, ಅದಕ್ಕಿಂತ ಚಿಕ್ಕದಾದರೆ 1200ರಲ್ಲಿ ಸ್ಕ್ಯಾನ್ ಮಾಡಿ. ಕಪ್ಪುಬಿಳುಪಿನದಾದರೂ ಬಣ್ಣದ ಮೋಡಿನಲ್ಲೇ ತೆಗೆದು, ಟಿಫ್ ಕಡತವಾಗಿ ಉಳಿಸಿ. ಮೊಬೈಲಿನ ತಂತ್ರಾಂಶಗಳು ಮಸುಕಾದ ಚಿತ್ರವನ್ನು “ಚುರುಕು” ಮಾಡುವಾಗ ಇಲ್ಲದ ಗೆರೆಗಳನ್ನು ತಾವೇ ಊಹಿಸಿ ಬರೆದುಬಿಡುತ್ತವೆ. ಬಿಲ್ಲೆಯ ಮೇಲಿನ ಅಕ್ಷರ ಹೀಗೆ ಹುಟ್ಟಿದ್ದಾದರೆ ಮುಂದಿನ ಕೆಲಸವೆಲ್ಲ ಹಾಳು. ಬೆಳಕು ಮತ್ತು ಕಾಂಟ್ರಾಸ್ಟ್ ಹೊಂದಿಸಿಕೊಳ್ಳಿ, ಅದಕ್ಕಿಂತ ಹೆಚ್ಚಿಗೆ ಏನೂ ಬೇಡ.

ಚಿತ್ರ ಎಡಬಲ ತಿರುಗಿ ಮುದ್ರಣವಾಗಿಲ್ಲ ಎಂದು ಖಚಿತಪಡಿಸಿಕೊಳ್ಳಿ. ರಿಬ್ಬನ್ನುಗಳು ತೊಟ್ಟವನ ಎಡ ಎದೆಯ ಮೇಲಿರಬೇಕು, ಅಂಗಿಯ ಎಡಪಟ್ಟಿ ಬಲಪಟ್ಟಿಯ ಮೇಲೆ ಬಂದಿರಬೇಕು. ಎರಡೂ ತಿರುಗುಮುರುಗಾಗಿದ್ದರೆ ನೆಗೆಟಿವ್ ಮಗುಚಿ ಹಾಕಿದ್ದಾರೆ ಎಂದರ್ಥ.

ಬಣ್ಣದ ವಿಷಯದಲ್ಲಿ ಎರಡು ಮೋಸಗಳಿವೆ. ಆ ಕಾಲದ ಅನೇಕ ಸ್ಟುಡಿಯೋಗಳು ಬಳಸುತ್ತಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬಣ್ಣ ಕಾಣುವುದಿಲ್ಲ. ಕೆಂಪು, ಕಿತ್ತಳೆಗಳು ಅದರಲ್ಲಿ ಕಪ್ಪಾಗಿಯೂ, ನೀಲಿ ಬಣ್ಣ ನಿಜಕ್ಕಿಂತ ತಿಳಿಯಾಗಿಯೂ ಮೂಡುತ್ತವೆ. ರಿಬ್ಬನ್ನಿನ ನಡುವಿನ ಕಪ್ಪುಗೆರೆಯನ್ನು ಕಪ್ಪೆಂದೇ ನಂಬಿದರೆ ಪದಕವೇ ಬದಲಾಗಿಹೋಗುತ್ತದೆ. ಎರಡನೆಯದು, ಕೈಯಿಂದ ಬಣ್ಣ ತುಂಬಿದ ಚಿತ್ರಗಳು. ಬಣ್ಣ ಹಾಕಿದಾತ ಸಮವಸ್ತ್ರವನ್ನು ಎದುರಿಗಿಟ್ಟುಕೊಂಡು ಕೂತಿರಲಿಲ್ಲ, ಆದ್ದರಿಂದ ಆ ಬಣ್ಣಗಳನ್ನು ಸಾಕ್ಷ್ಯವಾಗಿ ಎಣಿಸಬೇಡಿ. ನಂಬಬೇಕಾದದ್ದು ಪಟ್ಟೆಗಳ ಸಂಖ್ಯೆಯನ್ನು ಮತ್ತು ಅಗಲದ ಅನುಪಾತವನ್ನು. ಈ ಪದಕಗಳ ರಿಬ್ಬನ್ ಅಗಲ 32 ಮಿಲಿಮೀಟರ್. ಫೋಟೊದಲ್ಲಿ ಒಂದು ರಿಬ್ಬನ್ ನೇರವಾಗಿ ಕಂಡರೆ ಅದನ್ನೇ ಅಳತೆಗೋಲು ಮಾಡಿಕೊಂಡು ಬಿಲ್ಲೆಯ ಎತ್ತರ ಲೆಕ್ಕ ಹಾಕಬಹುದು. ಹೋಲುವ ಎರಡು ಬಿಲ್ಲೆಗಳ ನಡುವೆ ಆರಿಸಬೇಕಾದಾಗ ಇದು ಬಹಳ ನೆರವಿಗೆ ಬರುತ್ತದೆ.

ಭುಜ ಮತ್ತು ಟೊಪ್ಪಿ: ಯಾರ ಕಡೆಯವರು

ಭುಜಪಟ್ಟಿಯ ತುದಿಯಲ್ಲಿ, ತೋಳು ಶುರುವಾಗುವ ಕಡೆ, ಹಿತ್ತಾಳೆಯ ಅಥವಾ ಬಟ್ಟೆಯ ಇಂಗ್ಲಿಷ್ ಅಕ್ಷರಗಳಿರುತ್ತವೆ. ಪೂರ್ತಿ ಓದಲಾಗದಿದ್ದರೆ ಅಕ್ಷರಗಳನ್ನು ಎಣಿಸಿ. ಆರ್.ಐ.ಎ.ಎಸ್.ಸಿ. ಎಂಬ ಐದು ಅಕ್ಷರ ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್‌ನದು, ಅಂದರೆ ಸಾಗಣೆ ಮತ್ತು ಸರಬರಾಜು. ಐ.ಎ.ಒ.ಸಿ. ಆರ್ಡ್‌ನೆನ್ಸ್ (ಶಸ್ತ್ರಾಸ್ತ್ರ, ಸಾಮಗ್ರಿ), ಐ.ಪಿ.ಸಿ. ಪಯನಿಯರ್ (ಕೂಲಿ, ನಿರ್ಮಾಣದ ಕೆಲಸ), ಐ.ಇ. ಎಂಜಿನಿಯರ್. ಕೆಲವು ಅಕ್ಷರಗಳು ತಾರೀಖನ್ನೂ ಹೇಳುತ್ತವೆ. ವೈದ್ಯಕೀಯ ವಿಭಾಗವಾದ ಐ.ಎ.ಎಂ.ಸಿ. ಹುಟ್ಟಿದ್ದು 1943ರ ಏಪ್ರಿಲ್ 3ರಂದು, ಯಂತ್ರ ದುರಸ್ತಿಯ ಐ.ಇ.ಎಂ.ಇ. ಹುಟ್ಟಿದ್ದು ಅದೇ ವರ್ಷ ಮೇ 1ರಂದು. ಈ ಅಕ್ಷರಗಳಿರುವ ಫೋಟೊ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಐ.ಇ.ಎಂ.ಇ. ಆರ್ಡ್‌ನೆನ್ಸ್ ಕೋರ್‌ನಿಂದಲೇ ಬೇರ್ಪಟ್ಟದ್ದು. ಹಾಗಾಗಿ ಒಬ್ಬನೇ ಮೆಕ್ಯಾನಿಕ್ ಒಂದು ಚಿತ್ರದಲ್ಲಿ ಐ.ಎ.ಒ.ಸಿ., ಇನ್ನೊಂದರಲ್ಲಿ ಐ.ಇ.ಎಂ.ಇ. ತೊಟ್ಟಿದ್ದರೆ ಗಾಬರಿಯಾಗಬೇಕಿಲ್ಲ. ಫಿರಂಗಿದಳಕ್ಕೆ “ರಾಯಲ್” ಸೇರಿದ್ದು 1945ರಲ್ಲಿ, ಎಂಜಿನಿಯರುಗಳಿಗೆ 1946ರಲ್ಲಿ.

ಕನ್ನಡ ಸೀಮೆಯ ಮನೆಗಳಲ್ಲಿ ಹುಡುಕುವವರು ಕೆಲವು ಹೆಸರುಗಳನ್ನು ನೆನಪಿಡಬೇಕು. ಬೆಂಗಳೂರಿನಲ್ಲೇ ನೆಲೆಯಿದ್ದ ಕ್ವೀನ್ ವಿಕ್ಟೋರಿಯಾಸ್ ಓನ್ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ (ಸ್ಯಾಪರ್ ಎಂದರೆ ಎಂಜಿನಿಯರ್ ದಳದ ಸಿಪಾಯಿ) ಈಗಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಇವರ ‘ದೂಪ್ಟಾ’ ಎಂಬ ವಿಶಿಷ್ಟ ಟೊಪ್ಪಿ ಕಂಡರೆ ಅಕ್ಷರ ಓದುವ ಮೊದಲೇ ಅರ್ಧ ಉತ್ತರ ಸಿಕ್ಕಂತೆ. ಬೆಳಗಾವಿಯಲ್ಲಿ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಇತ್ತು, ಇವರ ಬಿಲ್ಲೆಯಲ್ಲಿ ಕಹಳೆ ಇರುತ್ತದೆ. ಹಳೆಯ ಮದ್ರಾಸ್ ಪದಾತಿದಳವನ್ನು ಎರಡು ಯುದ್ಧಗಳ ನಡುವೆ ವಿಸರ್ಜಿಸಿ, ಎರಡನೇ ಯುದ್ಧ ಬಂದಾಗ ಮತ್ತೆ ಕಟ್ಟಿದರು. ಹೀಗಾಗಿ 1930ರ ದಶಕದ ಕೊನೆಯದೆಂದು ಮನೆಯವರು ಹೇಳುವ ಫೋಟೊದಲ್ಲಿ ‘ಮದ್ರಾಸ್ ರೆಜಿಮೆಂಟ್’ ಎಂಬ ಭುಜದ ಹೆಸರು ಕಂಡರೆ ಮನೆಯವರ ತಾರೀಖನ್ನೇ ಮರುಪರಿಶೀಲಿಸಬೇಕು.

ಮೈಸೂರು ಸಂಸ್ಥಾನದ ಸೈನಿಕರು ಬೇರೆಯೇ ಗುಂಪು. ಗಂಡಭೇರುಂಡದ ಬಿಲ್ಲೆ ತೊಟ್ಟ ಮೈಸೂರು ಇನ್‌ಫೆಂಟ್ರಿ ಮತ್ತು ಮೈಸೂರು ಲಾನ್ಸರ್ಸ್ ಮಹಾರಾಜರ ಪಡೆಗಳು, ಭಾರತೀಯ ಸೇನೆಯ ರೆಜಿಮೆಂಟುಗಳಲ್ಲ. 1ನೇ ಮೈಸೂರು ಇನ್‌ಫೆಂಟ್ರಿ 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಜಪಾನಿಯರ ಸೆರೆಯಾಯಿತು. ಸ್ವಾತಂತ್ರ್ಯದ ನಂತರ ಸಂಸ್ಥಾನದ ಈ ಪದಾತಿದಳ ಮದ್ರಾಸ್ ರೆಜಿಮೆಂಟಿನಲ್ಲಿ ಸೇರಿತು. ಇಂಥವರ ವಿಷಯದಲ್ಲಿ ಸೇನೆಯ ಕಚೇರಿಗಳ ಜೊತೆಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿರುವ ಸಂಸ್ಥಾನದ ಕಡತಗಳನ್ನೂ ನೋಡಬೇಕಾಗುತ್ತದೆ.

ಸಂಖ್ಯೆಗಳನ್ನು ಓದುವ ಕ್ರಮ ಗೊತ್ತಿರಲಿ. 3/5 ಮರಾಠಾ ಎಂದರೆ 5ನೇ ರೆಜಿಮೆಂಟಿನ 3ನೇ ಬೆಟಾಲಿಯನ್. ಮೊದಲಿನದು ಬೆಟಾಲಿಯನ್, ಎರಡನೆಯದು ರೆಜಿಮೆಂಟ್. ಭುಜದ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ರೆಜಿಮೆಂಟಿನ ಸಂಖ್ಯೆ ಮಾತ್ರ ಇರುವುದರಿಂದ ಬೆಟಾಲಿಯನ್ ಯಾವುದೆಂದು ಕಾಗದಪತ್ರಗಳಿಂದಲೇ ತಿಳಿಯಬೇಕು. ಈ ಸಂಖ್ಯೆಗಳು 1922ರ ಪುನರ್ರಚನೆಯಲ್ಲಿ ಬಂದವು. ನೂರರ ಮೇಲಿನ ಸಂಖ್ಯೆ, ಉದಾಹರಣೆಗೆ 110ನೇ ಮರಾಠಾ ಲೈಟ್ ಇನ್‌ಫೆಂಟ್ರಿ, ಕಂಡರೆ ಅದು 1922ಕ್ಕಿಂತ ಹಿಂದಿನದು, ಬಹುಶಃ ಅಜ್ಜನದಲ್ಲ, ಮುತ್ತಜ್ಜನದು.

ಬಿಲ್ಲೆಯ ಮೇಲಿನ ಕಿರೀಟ ಇನ್ನೊಂದು ಕಾಲಸೂಚಿ. 1950ರ ಜನವರಿ 26ರ ನಂತರ ಕಿರೀಟದ ಜಾಗಕ್ಕೆ ಅಶೋಕನ ಸಿಂಹ ಬಂತು, ಕೋರ್‌ಗಳ ಹೆಸರಿನಿಂದ “ರಾಯಲ್” ಬಿದ್ದುಹೋಯಿತು. ಸಿಂಹವಿರುವ ಬಿಲ್ಲೆ ತೊಟ್ಟ ಫೋಟೊ ಯುದ್ಧಕಾಲದ್ದಲ್ಲ. ಆದರೆ ಅದೇ ಫೋಟೊದ ಎದೆಯಲ್ಲಿ ಯುದ್ಧಕಾಲದ ರಿಬ್ಬನ್ನುಗಳಿರಬಹುದು, ಅವು ಪೂರ್ತಿ ಲೆಕ್ಕಕ್ಕೆ ಬರುತ್ತವೆ.

ಹಿತ್ತಾಳೆಯ ಬಿಲ್ಲೆಯೇ ಕೈಯಲ್ಲಿದ್ದರೆ ದಯವಿಟ್ಟು ಪಾಲಿಶ್ ಹಾಕಬೇಡಿ. ಸವೆದ ಅಕ್ಷರ ಓದಲು ಕತ್ತಲ ಕೋಣೆಯಲ್ಲಿ ಟಾರ್ಚನ್ನು ಬಿಲ್ಲೆಯ ಮಟ್ಟಕ್ಕೇ ಹಿಡಿದು ಪಕ್ಕದಿಂದ ಬೆಳಕು ಬಿಡಿ, ಉಬ್ಬು ತಗ್ಗು ನೆರಳಿನಲ್ಲಿ ತೋರುತ್ತವೆ. ಊಟದ ಡಬ್ಬಿ, ಸೊಂಟಪಟ್ಟಿ, ಚೀಲಗಳ ಮೇಲೆ ಬಾಣದ ಗುರುತಿನ ಜೊತೆ ಇಂಗ್ಲಿಷಿನ ‘ಐ’ ಅಕ್ಷರ ಇದ್ದರೆ ಅದು ಭಾರತದಲ್ಲಿ ತಯಾರಾದ ಸರ್ಕಾರಿ ಸಾಮಾನು. ಪಕ್ಕದಲ್ಲಿ ಅನೇಕ ಸಲ ಇಸವಿಯೂ ಇರುತ್ತದೆ.

ದರ್ಜೆಯ ಪಟ್ಟಿಗಳು

ಇದು ಸುಲಭದ ಭಾಗ. ಮೇಲ್ತೋಳಿನ ಮೇಲೆ ಕೆಳಮುಖದ ‘ವಿ’ ಪಟ್ಟಿ ಒಂದಿದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಸಿಪಾಯಿಗೆ ಏನೂ ಇಲ್ಲ. ಅಶ್ವದಳದಲ್ಲಿ ಸಿಪಾಯಿಯನ್ನು ಸವಾರ್ ಎಂದೂ ಹವಾಲ್ದಾರನನ್ನು ದಫೇದಾರ್ ಎಂದೂ ಕರೆಯುತ್ತಿದ್ದರು. ಭುಜದ ಮೇಲೆ ಒಂದು ನಕ್ಷತ್ರವಿದ್ದರೆ ಎಚ್ಚರ. ಅದು ಸೆಕೆಂಡ್ ಲೆಫ್ಟಿನೆಂಟ್ ಇರಬಹುದು, ಜಮಾದಾರ್ ಇರಬಹುದು. ಎರಡು ನಕ್ಷತ್ರವಾದರೆ ಲೆಫ್ಟಿನೆಂಟ್ ಅಥವಾ ಸುಬೇದಾರ್. ಜಮಾದಾರ್, ಸುಬೇದಾರರು ವೈಸ್‌ರಾಯ್ ಕಮಿಷನ್ ಪಡೆದವರು, ಅಂದರೆ ಹವಾಲ್ದಾರನಿಗಿಂತ ಮೇಲೆ, ಪೂರ್ಣ ಅಧಿಕಾರಿಗಿಂತ ಕೆಳಗೆ. ಯುದ್ಧಕಾಲದಲ್ಲಿ ಅವರ ನಕ್ಷತ್ರದ ಬುಡಕ್ಕೆ ಭುಜಪಟ್ಟಿಗೆ ಅಡ್ಡವಾಗಿ ಒಂದು ಬಣ್ಣದ ರಿಬ್ಬನ್ ತುಂಡು ಬಂತು. ಅದು ಕಂಡರೆ ಉತ್ತರ ಸಿಕ್ಕಿತು, ಕಾಣದಿದ್ದರೆ ಎರಡೂ ಸಾಧ್ಯತೆ ತೆರೆದಿಟ್ಟುಕೊಳ್ಳಿ. “ನಮ್ಮ ತಾತ ಆಫೀಸರ್ ಆಗಿದ್ದರು” ಎಂಬ ಮನೆಮಾತು ಅನೇಕ ಸಲ ಈ ಒಂಟಿ ನಕ್ಷತ್ರದಿಂದಲೇ ಬಂದಿರುತ್ತದೆ. ಕಾಗದಗಳಲ್ಲಿ ಐ.ಇ.ಸಿ. ಎಂದು ಶುರುವಾಗುವ ಸಂಖ್ಯೆ ಇದ್ದರೆ ಮಾತ್ರ ಆತ ಯುದ್ಧಕಾಲದ ತುರ್ತು ಕಮಿಷನ್ ಪಡೆದ ಭಾರತೀಯ ಅಧಿಕಾರಿ ಎಂಬುದು ಖಚಿತ.

ತೋಳಿನ ಚಿತ್ರ: ಯಾರ ಜೊತೆ ಹೋರಾಡಿದರು

ಡಿವಿಷನ್ ಚಿಹ್ನೆಗಳು ಅಕ್ಷರವಿಲ್ಲದ ಚಿತ್ರಗಳು. ಶತ್ರುವಿಗೆ ಗುಟ್ಟು ಬಿಡದೆ ತಮ್ಮವರಿಗೆ ಗುರುತು ಸಿಗಬೇಕೆಂಬುದು ಉದ್ದೇಶ. ಕೆಂಪು ಹದ್ದು 4ನೇ ಭಾರತೀಯ ಡಿವಿಷನ್: ಎರಿಟ್ರಿಯಾ, ಉತ್ತರ ಆಫ್ರಿಕಾ, ಇಟಲಿಯ ಕ್ಯಾಸಿನೊ. ಕಪ್ಪು ಚೌಕದಲ್ಲಿ ಕೆಂಪು ವೃತ್ತ 5ನೇ ಡಿವಿಷನ್. ಇದು ಆಫ್ರಿಕಾದಲ್ಲೂ ಬರ್ಮಾ ಗಡಿಯಲ್ಲೂ ಹೋರಾಡಿತು. “ಈಜಿಪ್ಟ್” ಎಂದು ಒಬ್ಬರು, “ಬರ್ಮಾ” ಎಂದು ಇನ್ನೊಬ್ಬರು ಹೇಳುವ ಮನೆಯಲ್ಲಿ ಈ ಚಿಹ್ನೆ ಸಿಕ್ಕರೆ ಇಬ್ಬರ ಮಾತೂ ನಿಜವಿರಬಹುದು. ಚಿನ್ನದ ಬಣ್ಣದ ಬಾಣ 7ನೆಯದು: ಅರಾಕಾನ್, ಕೊಹಿಮಾ. ಕರಿ ಬೆಕ್ಕು 17ನೆಯದು: 1942ರ ಬರ್ಮಾ ಹಿಮ್ಮೆಟ್ಟುವಿಕೆ, ಇಂಫಾಲ್, ಮೇಕ್ಟಿಲಾ. ಆದರೆ ಬೆಕ್ಕು ಬಂದದ್ದು ಆ ಹಿಮ್ಮೆಟ್ಟುವಿಕೆಯ ನಂತರ, ಅದಕ್ಕೂ ಮೊದಲು ಮಿಂಚಿನ ಚಿಹ್ನೆ ಇತ್ತು. ಕಠಾರಿ ಹಿಡಿದ ಕೈ 19ನೆಯದು, ಮಾಂಡಲೆ ಗೆದ್ದವರು. ಬಾಗಿದ ಖಡ್ಗ ಹಿಡಿದ ಕೈ 20ನೆಯದು. ಮಸುಕು ಫೋಟೊದಲ್ಲಿ ಈ ಎರಡು ಕೈಗಳು ಬಹಳ ಸಲ ಅದಲುಬದಲಾಗುತ್ತವೆ. ಅಲಗು ನೇರವೋ ಬಾಗಿದೆಯೋ ಎನ್ನುವುದನ್ನೇ ನೋಡಿ. ಕಾದಾಟದ ಹುಂಜ 23ನೆಯದು, ಇಸ್ಪೀಟಿನ ಎಕ್ಕ 25ನೆಯದು, ತ್ರಿಕೋನದಿಂದ ಹೊರಬರುವ ಹುಲಿ 26ನೆಯದು. ಗುರಾಣಿಯ ಮೇಲೆ ಕೆಳಮುಖದ ಕತ್ತಿ ಇದ್ದರೆ ಅದು 14ನೇ ಸೈನ್ಯ. ಡಿವಿಷನ್ನುಗಳ ಮೇಲಿನ ಮಟ್ಟವಾದ್ದರಿಂದ ಆತ ಅದರ ನೇರ ಕೈಕೆಳಗಿನ ಸಾಗಣೆ, ಆಸ್ಪತ್ರೆ, ದುರಸ್ತಿಯಂಥ ತುಕಡಿಯಲ್ಲಿದ್ದಿರಬಹುದು.

ಕೋರ್ ಮತ್ತು ಡಿವಿಷನ್ ಬೇರೆ ಬೇರೆ ಎಂಬುದಕ್ಕೆ ಮದ್ರಾಸ್ ಸ್ಯಾಪರುಗಳಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇವರ ಒಂದೊಂದು ಕಂಪನಿಯೂ ಒಂದೊಂದು ಡಿವಿಷನ್ನಿಗೆ ಹಂಚಿಹೋಗಿತ್ತು. 1944ರ ಫೆಬ್ರವರಿಯಲ್ಲಿ ಇಟಲಿಯ ಮಿನ್ಯಾನೊ ಬಳಿ ಸಿಡಿಮದ್ದಿನ ಮೇಲೆ ತಾನೇ ಬಿದ್ದು ಜೊತೆಯವರನ್ನು ಉಳಿಸಿ, ಮರಣೋತ್ತರ ಜಾರ್ಜ್ ಕ್ರಾಸ್ ಪಡೆದ ಸುಬೇದಾರ್ ಸುಬ್ರಮಣಿಯನ್ ಅವರು 11ನೇ ಫೀಲ್ಡ್ ಪಾರ್ಕ್ ಕಂಪನಿಯವರು. ಆ ಕಂಪನಿ ಕೆಂಪು ಹದ್ದಿನ 4ನೇ ಡಿವಿಷನ್ನಿನ ಜೊತೆಗಿತ್ತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಅವರ ಜೊತೆ ತರಬೇತಿ ಪಡೆದವರು ಬರ್ಮಾ ಗಡಿಯ ಡಿವಿಷನ್ನುಗಳ ಚಿಹ್ನೆ ತೊಟ್ಟಿರಲು ಸಾಧ್ಯವಿತ್ತು. ಭುಜದ ಅಕ್ಷರ ಒಂದೇ, ತೋಳಿನ ಚಿತ್ರ ಬೇರೆ, ಕಂಡ ಯುದ್ಧ ಪೂರ್ತಿ ಬೇರೆ.

ಚಿಹ್ನೆ ಹೇಳುವುದು ಫೋಟೊ ತೆಗೆದ ದಿನದ ಸಂಗತಿ ಮಾತ್ರ. ತುಕಡಿಗಳು ಒಂದು ಡಿವಿಷನ್ನಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದವು, ಗಾಯಗೊಂಡು ಗುಣವಾದವನನ್ನು ಬೇರೆ ಕಡೆ ಕಳಿಸುತ್ತಿದ್ದರು. ಚಿಹ್ನೆ ಕಾಣದಿದ್ದರೂ ಅದರಿಂದ ಏನನ್ನೂ ತೀರ್ಮಾನಿಸಬಾರದು, ಗುಟ್ಟು ಕಾಯಲು ಅವನ್ನು ಬಿಚ್ಚಿಸುತ್ತಿದ್ದುದುಂಟು. ಬಟ್ಟೆಯೂ ನೆರವಾಗುತ್ತದೆ: ಒರಟು ಉಣ್ಣೆಯ ಗಿಡ್ಡ ಬ್ಯಾಟಲ್‌ಡ್ರೆಸ್ ಇಟಲಿ ಅಥವಾ ಮಧ್ಯಪ್ರಾಚ್ಯದ ಚಳಿಗಾಲದ ಕಡೆ ಬೆರಳು ತೋರಿಸಿದರೆ, ಖಾಕಿಗಿಂತ ಗಾಢವಾಗಿ ಮೂಡಿದ ಕಾಡುಹಸಿರು ಅಂಗಿ ಯುದ್ಧದ ಕೊನೆಯ ವರ್ಷಗಳ ಬರ್ಮಾ ರಂಗದ್ದು.

ಪದಕ: ಎಲ್ಲಿ, ಯಾವಾಗ

ಪದಕ ಕೈಯಲ್ಲಿದ್ದರೆ ಮೊದಲು ಹಿಂಬದಿ ಮತ್ತು ಅಂಚು ನೋಡಿ. ಬ್ರಿಟಿಷ್ ಸೈನಿಕರಿಗೆ ಕೊಟ್ಟ ಎರಡನೇ ಯುದ್ಧದ ಸ್ಟಾರುಗಳಲ್ಲಿ (ನಕ್ಷತ್ರಾಕಾರದ ಪದಕಗಳಲ್ಲಿ) ಹೆಸರಿಲ್ಲ. ಭಾರತೀಯ ಸೈನಿಕರಿಗೆ ಕೊಟ್ಟವುಗಳಲ್ಲಿ ಸಾಮಾನ್ಯವಾಗಿ ಹೆಸರು ಒತ್ತಿರುತ್ತದೆ, ಸ್ಟಾರಿನ ಬೆನ್ನಿಗೆ ಅಥವಾ ದುಂಡು ಪದಕದ ಅಂಚಿಗೆ. ಸಂಖ್ಯೆ, ದರ್ಜೆ, ಹೆಸರು, ತುಕಡಿ ಎಂಬುದು ಅದರ ಕ್ರಮ. ಇಡೀ ಹುಡುಕಾಟದಲ್ಲಿ ಇದಕ್ಕಿಂತ ಬೆಲೆಯುಳ್ಳ ಸಾಲು ಇನ್ನೊಂದಿಲ್ಲ. ಎಸ್.ಪಿ.ಆರ್. ಎಂದರೆ ಸ್ಯಾಪರ್, ಎನ್.ಕೆ. ನಾಯಕ್, ಎಚ್.ಎ.ವಿ. ಹವಾಲ್ದಾರ್, ಜಿ.ಎನ್.ಆರ್. ಗನ್ನರ್. ಸಂಖ್ಯೆಯನ್ನು ತುಕಡಿಯ ಹೆಸರಿನೊಡನೆ ಸೇರಿಸಿಯೇ ಬರೆದುಕೊಳ್ಳಿ. ಬೇರೆ ಬೇರೆ ರೆಜಿಮೆಂಟುಗಳಲ್ಲಿ ಅದೇ ಸಂಖ್ಯೆ ಇನ್ನೊಬ್ಬನಿಗೂ ಇರಬಹುದು.

ರಿಬ್ಬನ್ನುಗಳ ಪೈಕಿ ಬರ್ಮಾ ಸ್ಟಾರ್ ಗಾಢನೀಲಿ, ನಡುವೆ ಅಗಲ ಕೆಂಪು, ಇಕ್ಕೆಲದ ಒಂದೊಂದು ನೀಲಿಯ ನಡುವೆಯೂ ಒಂದು ತೆಳು ಕಿತ್ತಳೆ ಗೆರೆ. ಆಫ್ರಿಕಾ ಸ್ಟಾರ್ ಮರಳು ಬಣ್ಣ, ನಡುವೆ ಕೆಂಪು, ಇಕ್ಕೆಲದಲ್ಲಿ ಕಡುನೀಲಿ ಮತ್ತು ತಿಳಿನೀಲಿ ಗೆರೆ. 1940ರ ಜೂನ್ 10ರಿಂದ 1943ರ ಮೇ 12ರವರೆಗಿನ ಸೇವೆಗೆ ಇದು. ಇದರ ಮೇಲೆ ಚಿಕ್ಕ 8 ಎಂಬ ಅಂಕಿ ಇದ್ದರೆ 1942ರ ಅಕ್ಟೋಬರ್ 23ರ ನಂತರ ಎಂಟನೇ ಸೈನ್ಯದಲ್ಲಿದ್ದ ಎಂದರ್ಥ. ಇಟಲಿ ಸ್ಟಾರ್ ಆ ದೇಶದ ಧ್ವಜದ ಕೆಂಪು, ಬಿಳಿ, ಹಸಿರು. ಮಲಯಾ, ಸಿಂಗಪುರದಲ್ಲಿ ಸೆರೆಯಾದವರಿಗೆ ಪೆಸಿಫಿಕ್ ಸ್ಟಾರ್. ವಾರ್ ಮೆಡಲಿಗೆ 28 ದಿನದ ಸೇವೆ ಸಾಕಾಗಿತ್ತು, ಆದ್ದರಿಂದ ಅದೊಂದೇ ಇದ್ದರೆ ಯಾವ ರಣರಂಗವನ್ನೂ ಸಾಬೀತು ಮಾಡುವುದಿಲ್ಲ. ನೀಲಿ, ತಿಳಿನೀಲಿ ಗೆರೆಗಳ ಇಂಡಿಯಾ ಸರ್ವೀಸ್ ಮೆಡಲ್ ಮೂರು ವರ್ಷ ದೇಶದೊಳಗೆ ದುಡಿದವರದು. ಅದನ್ನು ಕೀಳಾಗಿ ಕಾಣುವ ಕಾರಣವಿಲ್ಲ, ಬರ್ಮಾ ರಂಗಕ್ಕೆ ಹೋದ ಅಕ್ಕಿ, ಗುಂಡು, ಲಾರಿಗಳನ್ನು ಸಾಗಿಸಿದವರು ಅವರೇ.

ಪದಕಗಳ ಗೊಂಚಲು ಒಬ್ಬರದೇ ಹೌದೋ ಎಂದು ಪರೀಕ್ಷಿಸಲು ನಿಯಮಗಳೇ ಸಾಕು. ಬರ್ಮಾ ಸ್ಟಾರ್ ಮತ್ತು ಪೆಸಿಫಿಕ್ ಸ್ಟಾರ್ ಎರಡನ್ನೂ ಒಬ್ಬನಿಗೆ ಕೊಡುತ್ತಿರಲಿಲ್ಲ, ಎರಡಕ್ಕೂ ಅರ್ಹನಾದರೆ ಒಂದರ ರಿಬ್ಬನ್ನಿನ ಮೇಲೆ ಇನ್ನೊಂದರ ಕ್ಲಾಸ್ಪ್ (ಹೆಸರು ಬರೆದ ಲೋಹದ ಪಟ್ಟಿ) ಬರುತ್ತಿತ್ತು. ಡಿಫೆನ್ಸ್ ಮೆಡಲ್ ಮತ್ತು ಇಂಡಿಯಾ ಸರ್ವೀಸ್ ಮೆಡಲ್ ಕೂಡ ಜೊತೆಯಾಗಿ ಬರುವುದಿಲ್ಲ. ಇಂಥ ಜೋಡಿ ಒಂದೇ ಡಬ್ಬಿಯಲ್ಲಿದ್ದರೆ ಅಣ್ಣತಮ್ಮಂದಿರ ಪದಕ ಬೆರೆತಿರಬೇಕು, ಇಲ್ಲವೇ ಯಾರೋ ಆಮೇಲೆ ಕೊಂಡು ಸೇರಿಸಿರಬೇಕು. ಕೇಸರಿ, ಬಿಳಿ, ಹಸಿರಿನ ಇಂಡಿಯನ್ ಇಂಡಿಪೆಂಡೆನ್ಸ್ ಮೆಡಲ್ ಇದ್ದರೆ ಆತ 1947ರ ಆಗಸ್ಟ್ 15ರಂದು ಇನ್ನೂ ಸೇವೆಯಲ್ಲಿದ್ದ. ದಾಖಲೆ ಉಳಿದಿರುವ ಸಾಧ್ಯತೆ ಅಷ್ಟರಮಟ್ಟಿಗೆ ಹೆಚ್ಚು.

ದಾಖಲೆಗೆ ಬರೆಯುವುದು

ಈಗ ಕೋರ್ ಗೊತ್ತಾಯಿತು. ಮದ್ರಾಸ್ ಸ್ಯಾಪರುಗಳ ಮತ್ತು ಪಯನಿಯರುಗಳ ರೆಕಾರ್ಡ್ಸ್ ಬೆಂಗಳೂರಿನಲ್ಲಿವೆ. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್, ಇಎಂಇ ಮತ್ತು ಆರ್ಡ್‌ನೆನ್ಸ್ ಸಿಕಂದರಾಬಾದ್, ಸಿಗ್ನಲ್ಸ್ ಜಬಲ್ಪುರ, ಫಿರಂಗಿದಳ ನಾಸಿಕ್ ರೋಡ್, ವೈದ್ಯಕೀಯ ಕೋರ್ ಲಖನೌ. ಪತ್ರದಲ್ಲಿ ಸಂಖ್ಯೆ, ದರ್ಜೆ, ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು ಮತ್ತು ಆ ಕಾಲದ ಜಿಲ್ಲೆ ಬರೆಯಿರಿ. ಬಳ್ಳಾರಿಯವರಿಗೆ ಮದ್ರಾಸ್ ಪ್ರಾಂತ್ಯ, ಧಾರವಾಡದವರಿಗೆ ಮುಂಬಯಿ ಪ್ರಾಂತ್ಯ ಎಂದು ನಮೂದಿಸಿ. ಹೆಸರನ್ನು ಅಂದಿನ ಗುಮಾಸ್ತ ಹೇಗೆ ಕೇಳಿಸಿಕೊಂಡನೋ ಹಾಗೆ ಬರೆದಿರುತ್ತಾನೆ, ಇನಿಷಿಯಲ್ ಬಿಟ್ಟಿರುತ್ತಾನೆ. ಆದ್ದರಿಂದ ನಾಲ್ಕೈದು ಇಂಗ್ಲಿಷ್ ಕಾಗುಣಿತಗಳನ್ನು ಕೊಡಿ. ಬಿಲ್ಲೆ, ಪದಕಗಳ ಫೋಟೊ ಪ್ರತಿ ಜೊತೆಗಿರಲಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು.

ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಸೇವಾ ಕಾಗದಗಳನ್ನು 25 ವರ್ಷದ ನಂತರ ನಾಶಪಡಿಸುವ ನಿಯಮವಿದೆ. ಯುದ್ಧಕ್ಕೆಂದೇ ಸೇರಿ 1946ರ ಆಸುಪಾಸಿನಲ್ಲಿ ಮನೆಗೆ ಬಂದವರು ಬಹುತೇಕ ಈ ಗುಂಪಿನವರು. ಆದ್ದರಿಂದ ಅರ್ಜಿಯಲ್ಲಿ “ಸೇವಾ ದಾಖಲೆ” ಎಂದಷ್ಟೇ ಕೇಳಬೇಡಿ, “ಲಾಂಗ್ ರೋಲ್‌ನಲ್ಲಿರುವ (ಭರ್ತಿಯಾದವರ ಹೆಸರಿನ ಪಟ್ಟಿ ಪುಸ್ತಕ) ನಮೂದು” ಎಂದೂ ಕೇಳಿ. ಭರ್ತಿ ಮತ್ತು ಬಿಡುಗಡೆಯ ತಾರೀಖಿರುವ ಆ ಸಾಲು ಕಾಗದಗಳು ಹೋದ ಮೇಲೂ ಉಳಿದಿರಬಹುದು. ಯುದ್ಧದಲ್ಲಿ ತೀರಿಕೊಂಡವರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಉಚಿತ ಅಂತರ್ಜಾಲ ಪಟ್ಟಿಯಲ್ಲಿ ಸಿಗುತ್ತದೆ. ಅನೇಕ ನಮೂದುಗಳಲ್ಲಿ ತಂದೆಯ ಹೆಸರು, ಊರು ಇರುತ್ತವೆ. ಹೆಸರಿನಿಂದ ಸಿಗದಿದ್ದರೆ ರೆಜಿಮೆಂಟು ಮತ್ತು ವರ್ಷ ಹಾಕಿ ಜರಡಿ ಹಿಡಿಯಿರಿ.

ಮಲಯಾದಲ್ಲಿ ಸೆರೆಯಾದವರ ಪೈಕಿ ಬಹಳ ಮಂದಿ ಆಜಾದ್ ಹಿಂದ್ ಫೌಜ್ (ಐಎನ್ಎ) ಸೇರಿದರು. ನೆಗೆಯುವ ಹುಲಿಯ ಚಿಹ್ನೆ ಸಿಕ್ಕರೆ, ಅಥವಾ ಸೇನೆಯ ದಾಖಲೆ 1942ಕ್ಕೇ ತಟ್ಟನೆ ನಿಂತರೆ, ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿರುವ ಐಎನ್ಎ ಕಡತಗಳನ್ನು ಕೇಳಿ.

ವ್ಯಕ್ತಿಯ ದಾಖಲೆ ಸಿಗಲೇ ಇಲ್ಲ ಎಂದಾದರೂ ಕಂಪನಿ ಅಥವಾ ಬೆಟಾಲಿಯನ್ನಿನ ಹೆಸರು ಗೊತ್ತಿದ್ದರೆ ವಾರ್ ಡೈರಿಗಳಿವೆ. ತುಕಡಿ ಪ್ರತಿದಿನ ಎಲ್ಲಿತ್ತು, ಏನು ಮಾಡಿತು ಎಂದು ಅದರ ಅಧಿಕಾರಿಗಳೇ ಬರೆದಿಟ್ಟ ಪುಟಗಳವು. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯು.ಒ. (ವಾರ್ ಆಫೀಸ್) ಕಡತಸರಣಿಗಳ ಪೈಕಿ 169 ಮಧ್ಯಪ್ರಾಚ್ಯದ್ದು, 170 ಇಟಲಿಯದು, 172 ಬರ್ಮಾ ರಂಗದ್ದು. ಶೌರ್ಯ ಪ್ರಶಸ್ತಿಯ ಶಿಫಾರಸುಗಳು ಡಬ್ಲ್ಯು.ಒ. 373ರಲ್ಲಿವೆ, ಹೆಸರು ಹಾಕಿ ಹುಡುಕಬಹುದು. ಡೈರಿಯಲ್ಲಿ ಸಿಪಾಯಿಗಳ ಹೆಸರು ಬರುವುದು ಅಪರೂಪ. ಹಾಗಾಗಿ ಲಾಂಗ್ ರೋಲ್‌ನ ತಾರೀಖು, ಪದಕದ ಅವಧಿ, ತೋಳಿನ ಚಿಹ್ನೆ ಮೂರೂ ಕೂಡುವ ತಿಂಗಳುಗಳನ್ನು ಮೊದಲು ಗುರುತಿಸಿಕೊಂಡು, ಆ ತಿಂಗಳ ಪುಟಗಳನ್ನಷ್ಟೇ ತರಿಸಿಕೊಳ್ಳಿ.